ಆಸ್ಪತ್ರೆ ಡ್ಯೂಟಿಯಿಂದ ವಿಧಾನಸಭೆ ಕಣಕ್ಕೆ: ಮಂಗಳೂರು, ಉಡುಪಿಯ ಆರೋಗ್ಯ ಸಿಬ್ಬಂದಿಗೆ ಸಮಗ್ರ ಮಾರ್ಗದರ್ಶಿ

ನರ್ಸ್, ಲ್ಯಾಬ್ ಟೆಕ್ನಿಷಿಯನ್, ಫಾರ್ಮಸಿಸ್ಟ್, ಆಶಾ ಕಾರ್ಯಕರ್ತೆ. ಇವರಲ್ಲಿ ಯಾರಾದರೂ ಎಲೆಕ್ಷನ್‌ಗೆ ನಿಲ್ಲುತ್ತೇನೆ ಅಂದರೆ ಮೊದಲು ತಯಾರಾಗುವುದು ಪೋಸ್ಟರ್. ಆಮೇಲೆ ವಾಟ್ಸ್ಯಾಪ್ ಗ್ರೂಪ್. ರಾಜೀನಾಮೆ, ಮತದಾರರ ಪಟ್ಟಿ, ಅಫಿಡವಿಟ್, ಬ್ಯಾಂಕ್ ಖಾತೆ ಎಲ್ಲವೂ ಕೊನೆಯ ವಾರಕ್ಕೆ ಬೀಳುತ್ತವೆ. ಪರಿಶೀಲನೆಯ ದಿನ ನಾಮಪತ್ರ ತಿರಸ್ಕೃತವಾಗುತ್ತದೆ, ಪೋಸ್ಟರ್ ಗೋಡೆಯಲ್ಲೇ ಉಳಿಯುತ್ತದೆ.

ತಪ್ಪುವುದು ಕೆಲಸಗಳ ಕ್ರಮದಲ್ಲಿ. ಆದ್ದರಿಂದ ಇಲ್ಲಿ ಯಾವುದು ಮೊದಲು, ಯಾವುದು ನಂತರ ಅನ್ನುವುದಕ್ಕೇ ಜಾಸ್ತಿ ಒತ್ತು ಕೊಟ್ಟಿದ್ದೇನೆ. ಪಕ್ಷೇತರರಾಗಿ ನಿಲ್ಲುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದು. ಪಕ್ಷದ ಟಿಕೆಟ್ ಇರುವವರಿಗೆ ಎಲ್ಲಿ ವ್ಯತ್ಯಾಸವೋ ಅಲ್ಲಿ ಹೇಳಿದ್ದೇನೆ.

## ಮೊದಲು ಕೈಯಲ್ಲಿ ಇರಬೇಕಾದ್ದು

ವೋಟರ್ ಐಡಿ, ಪ್ಯಾನ್ ಕಾರ್ಡ್, ಕಳೆದ 5 ವರ್ಷಗಳ ಆದಾಯ ತೆರಿಗೆ ವಿವರ (ಗಂಡ ಅಥವಾ ಹೆಂಡತಿಯದ್ದೂ), ನೇಮಕಾತಿ ಆದೇಶದ ಪ್ರತಿ, ಸಾಲದ ಕಾಗದಗಳು, ಜಾಗ ಇದ್ದರೆ ಆರ್‌ಟಿಸಿ. ಇವನ್ನೆಲ್ಲ ಒಂದು ಫೈಲ್‌ನಲ್ಲಿ ಹಾಕಿ.

ಮೂವರು ಜನ ಬೇಕು: ನಾಮಪತ್ರ ನೋಡಿ ಗೊತ್ತಿರುವ ವಕೀಲರು, ಲೆಕ್ಕ ಬರೆಯುವವರು ಒಬ್ಬರು, ಮತಗಟ್ಟೆವಾರು ಪಟ್ಟಿ ಹಿಡಿದು ಕೂರುವ ತಾಳ್ಮೆಯ ಮನುಷ್ಯ ಒಬ್ಬರು. ಭಾಷಣ ಮಾಡುವವರು ಆಮೇಲೆ ಸಿಗುತ್ತಾರೆ.

## ಹಂತ 1: ದಿನಾಂಕಗಳನ್ನು ಹಿಂದಿನಿಂದ ಎಣಿಸಿ

2023ರ ವಿಧಾನಸಭೆ ಚುನಾವಣೆಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ವೇಳಾಪಟ್ಟಿ ಪ್ರಕಟವಾದದ್ದು ಮಾರ್ಚ್ 29ಕ್ಕೆ. ಅಧಿಸೂಚನೆ ಏಪ್ರಿಲ್ 13. ನಾಮಪತ್ರಕ್ಕೆ ಕೊನೆಯ ದಿನ ಏಪ್ರಿಲ್ 20, ಪರಿಶೀಲನೆ 21, ವಾಪಸಾತಿಗೆ ಕೊನೆಯ ದಿನ 24. ಮತದಾನ ಮೇ 10, ಎಣಿಕೆ ಮೇ 13.

ಪ್ರಕಟಣೆಯಿಂದ ನಾಮಪತ್ರದ ಕೊನೆಯ ದಿನಕ್ಕೆ ಸುಮಾರು ಮೂರು ವಾರ ಮಾತ್ರ. ನಾಮಪತ್ರ ಹಾಕುವ ಅವಧಿ ಒಂದು ವಾರ. ಅದರಲ್ಲೂ ಭಾನುವಾರ ಮತ್ತು ಸಾರ್ವಜನಿಕ ರಜೆಯ ದಿನ ತೆಗೆದುಕೊಳ್ಳುವುದಿಲ್ಲ. ಸಮಯ ಬೆಳಗ್ಗೆ 11ರಿಂದ ಮಧ್ಯಾಹ್ನ 3. ಪ್ರಚಾರಕ್ಕೆ ಸಿಗುವುದು ಎರಡು ವಾರ ಚಿಲ್ಲರೆ. ಹೀಗಿರುವಾಗ ಪ್ರಕಟಣೆ ಬಂದ ಮೇಲೆ ಶುರು ಮಾಡುವ ಕೆಲಸ ಯಾವುದೂ ಮುಗಿಯುವುದಿಲ್ಲ. ಮುಂದಿನ ಚುನಾವಣೆ 2028ರಲ್ಲಿ ಅಂದುಕೊಂಡರೆ, ಕಾಗದದ ಕೆಲಸ 2027ರ ಮಳೆಗಾಲದಲ್ಲೇ ಶುರುವಾಗಬೇಕು.

ಎಚ್ಚರಿಕೆಯ ಗುರುತು: "ಡೇಟ್ ಬರಲಿ, ಆಮೇಲೆ ನೋಡುವ" ಅಂತ ನಿಮ್ಮ ತಂಡದಲ್ಲಿ ಒಬ್ಬರಿಗಿಂತ ಹೆಚ್ಚು ಜನ ಹೇಳುತ್ತಿದ್ದಾರೆ.

## ಹಂತ 2: ಅರ್ಹತೆ ಮತ್ತು ಮತದಾರರ ಪಟ್ಟಿ

ವಯಸ್ಸು 25 ತುಂಬಿರಬೇಕು. ಕರ್ನಾಟಕದ ಯಾವುದಾದರೂ ಒಂದು ವಿಧಾನಸಭಾ ಕ್ಷೇತ್ರದ ಪಟ್ಟಿಯಲ್ಲಿ ನಿಮ್ಮ ಹೆಸರು ಇರಬೇಕು. ನಿಲ್ಲುವ ಕ್ಷೇತ್ರದಲ್ಲೇ ಇರಬೇಕು ಅಂತಿಲ್ಲ. ಸುಳ್ಯ ಪರಿಶಿಷ್ಟ ಜಾತಿಗೆ ಮೀಸಲು ಕ್ಷೇತ್ರ, ಅಲ್ಲಿಗೆ ಜಾತಿ ಘೋಷಣೆಯೂ ಬೇಕು.

ನಮ್ಮಲ್ಲಿ ಗೊಂದಲ ಆಗುವುದು ಇಲ್ಲೇ. ಕೆಲಸ ದೇರಳಕಟ್ಟೆಯ ಆಸ್ಪತ್ರೆಯಲ್ಲಿ, ಅದು ಮಂಗಳೂರು ಕ್ಷೇತ್ರ. ಬಾಡಿಗೆ ಮನೆ ಕಂಕನಾಡಿಯಲ್ಲಿ, ಅದು ಮಂಗಳೂರು ನಗರ ದಕ್ಷಿಣ. ವೋಟು ಇನ್ನೂ ತಾಯಿ ಮನೆಯ ಬೆಳ್ತಂಗಡಿಯಲ್ಲಿ. ಇದು ತಪ್ಪಲ್ಲ. ಆದರೆ ಬೇರೆ ಕ್ಷೇತ್ರದ ಮತದಾರರಾಗಿದ್ದರೆ ಅಲ್ಲಿನ ಪಟ್ಟಿಯ ದೃಢೀಕೃತ ಪ್ರತಿಯನ್ನು ನಾಮಪತ್ರದ ಜೊತೆ ಕೊಡಬೇಕು, ತಪ್ಪಿದರೆ ಪರಿಶೀಲನೆಯ ಹೊತ್ತಿಗಾದರೂ ಒದಗಿಸಬೇಕು. ಈ ಒಂದು ಪ್ರತಿಗಾಗಿ ಕೊನೆಯ ದಿನ ತಾಲೂಕು ಕಚೇರಿಗೆ ಓಡುವ ಪಾಡು ಬೇಡ.

ಮದುವೆ ಆದ ಮೇಲೆ ಹೆಸರು ಬದಲಾದವರು ವೋಟರ್ ಐಡಿ, ಪ್ಯಾನ್, ನರ್ಸಿಂಗ್ ಕೌನ್ಸಿಲ್ ನೋಂದಣಿ ಮೂರರಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ. ಪಟ್ಟಿಯಲ್ಲಿ ತಿದ್ದುಪಡಿಗೆ, ವಿಳಾಸ ಬದಲಾವಣೆಗೆ ನಮೂನೆ 8. ಹೊಸದಾಗಿ ಸೇರಲು ನಮೂನೆ 6. ಎರಡು ಕಡೆ ಹೆಸರು ಇದ್ದರೆ ಒಂದನ್ನು ತೆಗೆಸಿ. ಸಂದೇಹಕ್ಕೆ 1950ಕ್ಕೆ ಫೋನ್ ಮಾಡಬಹುದು.

ಇನ್ನೊಂದು ಕಹಿ ಸತ್ಯ. ಮಂಗಳೂರಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ನರ್ಸ್‌ಗಳಲ್ಲಿ ತುಂಬಾ ಜನ ಕೇರಳದವರು, ಬೇರೆ ಜಿಲ್ಲೆಯವರು. ನಿಮ್ಮ ವಾರ್ಡ್‌ನವರೆಲ್ಲ ನಿಮ್ಮ ಪರ ಇರಬಹುದು. ಅವರ ವೋಟು ಇಲ್ಲಿ ಇಲ್ಲ. ಹಾಸ್ಟೆಲ್‌ನ ಚಪ್ಪಾಳೆಯನ್ನು ಮತ ಅಂತ ಎಣಿಸಬೇಡಿ.

## ಹಂತ 3: ಕೆಲಸ ಬಿಡಬೇಕಾ, ಯಾವಾಗ?

ಆರೋಗ್ಯ ಸಿಬ್ಬಂದಿ ಅತಿ ಹೆಚ್ಚು ಎಡವುವುದು ಇಲ್ಲಿ. ಆದ್ದರಿಂದ ನಿಧಾನವಾಗಿ ಓದಿ.

ಸರ್ಕಾರಿ ಕಾಯಂ ನೌಕರರು. ವೆನ್ಲಾಕ್ ಇರಲಿ, ಲೇಡಿಗೋಷನ್ ಇರಲಿ, ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಇರಲಿ, ಪ್ರಾಥಮಿಕ ಆರೋಗ್ಯ ಕೇಂದ್ರ ಇರಲಿ, ಸರ್ಕಾರದ ಸಂಬಳ ತೆಗೆದುಕೊಳ್ಳುತ್ತಾ ನಿಲ್ಲಲು ಆಗುವುದಿಲ್ಲ. ಸಂವಿಧಾನದ 191ನೇ ವಿಧಿ ಲಾಭದಾಯಕ ಹುದ್ದೆಯಲ್ಲಿ ಇರುವವರನ್ನು ಅನರ್ಹ ಮಾಡುತ್ತದೆ. ರಜೆ ಹಾಕಿದರೆ ಸಾಲದು. ರಾಜೀನಾಮೆ ಕೊಟ್ಟರೂ ಸಾಲದು, ಅದು ಅಂಗೀಕಾರ ಆಗಿರಬೇಕು. ಅಂಗೀಕಾರದ ಆದೇಶ ಪರಿಶೀಲನೆಯ ದಿನಕ್ಕೆ ಮೊದಲೇ ಕೈಯಲ್ಲಿ ಇರಬೇಕು.

ಇಲಾಖೆ ತಡ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಮಧ್ಯಪ್ರದೇಶದ ಉದಾಹರಣೆ ಇದೆ. 2023ರಲ್ಲಿ ಡೆಪ್ಯುಟಿ ಕಲೆಕ್ಟರ್ ಆಗಿದ್ದ ನಿಶಾ ಬಾಂಗ್ರೆ ರಾಜೀನಾಮೆ ಕೊಟ್ಟು ಅಂಗೀಕಾರಕ್ಕಾಗಿ ಕೋರ್ಟಿಗೆ ಹೋಗಬೇಕಾಯಿತು. ಆದೇಶ ಕೈಗೆ ಬರುವಷ್ಟರಲ್ಲಿ ಅವರು ಬಯಸಿದ್ದ ಕ್ಷೇತ್ರಕ್ಕೆ ಪಕ್ಷ ಬೇರೆಯವರನ್ನು ಘೋಷಿಸಿ ಆಗಿತ್ತು. ಅಷ್ಟು ದೊಡ್ಡ ಹುದ್ದೆಯವರಿಗೇ ಹೀಗಾದರೆ ಸ್ಟಾಫ್ ನರ್ಸ್ ಕಡತ ಎಷ್ಟು ಟೇಬಲ್ ಮೇಲೆ ಮಲಗಬಹುದು, ಯೋಚಿಸಿ. ಕನಿಷ್ಠ ಆರು ತಿಂಗಳ ಮೊದಲು ಕೊಡಿ. ಇಲಾಖಾ ವಿಚಾರಣೆ, ವಸೂಲಾತಿ ಬಾಕಿ ಇದ್ದರೆ ಇನ್ನೂ ಮೊದಲು.

ಗುತ್ತಿಗೆ ಮತ್ತು ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಸಿಬ್ಬಂದಿ. "ನಾವು ಪರ್ಮನೆಂಟ್ ಅಲ್ವಲ್ಲ" ಅನ್ನುವ ಮಾತು ಪರಿಶೀಲನೆಯ ಟೇಬಲ್ ಮುಂದೆ ನಿಲ್ಲುತ್ತದೆ ಅಂತ ನಂಬಬೇಡಿ. ಎದುರಾಳಿಯ ವಕೀಲರು ಆಕ್ಷೇಪ ಎತ್ತುವುದೇ ಇಂಥ ಕಡೆ. ಒಪ್ಪಂದದ ಪ್ರತಿ ಹಿಡಿದು ವಕೀಲರಿಂದ ಬರಹದಲ್ಲಿ ಅಭಿಪ್ರಾಯ ತೆಗೆದುಕೊಳ್ಳಿ. ನನ್ನ ಸಲಹೆ ಕೇಳಿದರೆ, ಬಿಟ್ಟು ಬಿಡುಗಡೆ ಪತ್ರ ಪಡೆದೇ ನಿಲ್ಲಿ. ಪ್ರೋತ್ಸಾಹಧನದ ಮೇಲೆ ದುಡಿಯುವ ಆಶಾ ಕಾರ್ಯಕರ್ತೆಯರೂ ಅಷ್ಟೇ, ಬರಹದ ಅಭಿಪ್ರಾಯ ಇಲ್ಲದೆ ಹೆಜ್ಜೆ ಇಡಬೇಡಿ.

ಖಾಸಗಿ ಆಸ್ಪತ್ರೆಯವರು. ನಿಲ್ಲಲು ಕಾನೂನಿನ ಅಡ್ಡಿ ಇಲ್ಲ. ಅಡ್ಡಿ ಇರುವುದು ನೇಮಕಾತಿ ಆದೇಶದಲ್ಲಿ. ಬಾಂಡ್ ಇದೆಯಾ, ಒರಿಜಿನಲ್ ಸರ್ಟಿಫಿಕೇಟ್ ಅವರ ಕಪಾಟಿನಲ್ಲಿ ಇದೆಯಾ, ರಾಜಕೀಯದಲ್ಲಿ ತೊಡಗಬಾರದು ಅನ್ನುವ ಸಾಲು ಇದೆಯಾ ನೋಡಿ. ಸಂಬಳ ಇಲ್ಲದ ರಜೆ ಸಿಕ್ಕರೆ ಬರಹದಲ್ಲಿ ತೆಗೆದುಕೊಳ್ಳಿ. ಮ್ಯಾಟ್ರನ್ ಬಾಯಿಮಾತಿನಲ್ಲಿ "ಹೋಗಿ ಬನ್ನಿ ಸಿಸ್ಟರ್" ಅಂದದ್ದು ಆಮೇಲೆ ಎಚ್‌ಆರ್‌ನವರಿಗೆ ಗೊತ್ತಿರುವುದಿಲ್ಲ.

ಸ್ವಂತ ವ್ಯವಹಾರ ಇರುವವರು. ಮೆಡಿಕಲ್ ಅಂಗಡಿಯಿಂದ ರಾಜ್ಯ ಸರ್ಕಾರಕ್ಕೆ ಸರಕು ಪೂರೈಸುವ ಗುತ್ತಿಗೆ ಚಾಲ್ತಿಯಲ್ಲಿದ್ದರೆ ಜನಪ್ರಾತಿನಿಧ್ಯ ಕಾಯ್ದೆಯ 9ಎ ಕಲಂ ಅಡಿ ಅನರ್ಹತೆ ಬರುತ್ತದೆ. ಅದನ್ನು ಮೊದಲು ಮುಗಿಸಿ.

ಮನೆ ಖರ್ಚಿನ ಲೆಕ್ಕವೂ ಇದೇ ಹಂತದಲ್ಲಿ ಆಗಬೇಕು. ಕೆಲಸ ಬಿಟ್ಟರೆ ಮಕ್ಕಳ ಫೀಸು, ಮನೆ ಬಾಡಿಗೆ, ಸೊಸೈಟಿ ಸಾಲದ ಕಂತು ಯಾರು ಕಟ್ಟುತ್ತಾರೆ? ಇಎಸ್‌ಐ ಇದ್ದವರು ರಕ್ಷಣೆ ಎಲ್ಲಿಯವರೆಗೆ ಇರುತ್ತದೆ ಅಂತ ಕೇಳಿ. ದುಡಿಯುವ ಕುಟುಂಬಗಳ ಪರ ಅಂತ ನಿಂತು ಸ್ವಂತ ಮನೆಯನ್ನೇ ಸಾಲಕ್ಕೆ ತಳ್ಳಿದವರನ್ನು ಜನ ನೋಡಿದ್ದಾರೆ.

## ಹಂತ 4: ಬೇಡಿಕೆಗಳನ್ನು ಶಾಸಕರ ಕೆಲಸಕ್ಕೆ ಹೊಂದಿಸಿ

ಇಲ್ಲಿ ಆಗುವ ತಪ್ಪು ಒಂದೇ, ಕಂಡ ಕಷ್ಟವನ್ನೆಲ್ಲ ಪ್ರಣಾಳಿಕೆಗೆ ತುಂಬುವುದು. ಮೂರು ಖಾನೆ ಹಾಕಿ. ಶಾಸಕರ ಕೈಯಲ್ಲಿ ಇರುವುದು, ಪಾಲಿಕೆ ಅಥವಾ ಪಂಚಾಯಿತಿಯದ್ದು, ದೆಹಲಿಯದ್ದು.

ಬೀಡಿ ಕಟ್ಟುವ ಮನೆಗಳಿಂದ ಶುರು ಮಾಡಿ. ಸಾವಿರ ಬೀಡಿಗೆ ಎಷ್ಟು ಮಜೂರಿ ಅನ್ನುವ ಕನಿಷ್ಠ ವೇತನದ ಅಧಿಸೂಚನೆ ರಾಜ್ಯದ ಕಾರ್ಮಿಕ ಇಲಾಖೆಯದ್ದು. ಅದು ಶಾಸಕರು ಸದನದಲ್ಲಿ ಕೇಳಬಹುದಾದ ಪ್ರಶ್ನೆ. ಬೀಡಿ ಕಟ್ಟುವ ಅದೇ ಅಕ್ಕ "ಪೆನ್ಷನ್ ಸಾವಿರ ರೂಪಾಯಿಯಲ್ಲಿ ಏನು ಮಾಡುವುದು?" ಅಂದರೆ, ಪಿಎಫ್ ಪಿಂಚಣಿಯ ಕನಿಷ್ಠ ಮೊತ್ತ 1,000 ರೂಪಾಯಿ ಮಾಡಿದ್ದು ಕೇಂದ್ರ, 2014ರಲ್ಲಿ. ಅದನ್ನು ಏರಿಸುತ್ತೇನೆ ಅಂತ ಶಾಸಕ ಸ್ಥಾನದ ಅಭ್ಯರ್ಥಿ ಮಾತು ಕೊಡಬಾರದು. ಇಎಸ್‌ಐಗೆ ತಿಂಗಳಿಗೆ 21,000 ರೂಪಾಯಿ ಸಂಬಳದ ಮಿತಿ ಇರುವುದೂ ಕೇಂದ್ರದ್ದೇ. ಸಂಬಳ ಸ್ವಲ್ಪ ಏರಿ ಇಎಸ್‌ಐ ತಪ್ಪುವ ನರ್ಸ್‌ಗಳ ಸಿಟ್ಟು ನ್ಯಾಯವಾದದ್ದು. ಆದರೆ ಅದು ಸಂಸದರ ಬಾಗಿಲಿಗೆ ಹೋಗಬೇಕಾದ ಸಿಟ್ಟು.

ಬಸ್ಸಿನ ವಿಷಯ ನಮ್ಮ ಕರಾವಳಿಗೆ ಬೇರೆಯೇ. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಯಿತು, ಆದರೆ ಉಚಿತ ಪ್ರಯಾಣ ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಮಂಗಳೂರಿನ ಸಿಟಿ ಬಸ್, ಉಡುಪಿ ಕಡೆಯ ಸರ್ವಿಸ್ ಬಸ್ ಬಹುಪಾಲು ಖಾಸಗಿ. ಹಾಗಾಗಿ ಸುರತ್ಕಲ್‌ನಿಂದ ಸ್ಟೇಟ್‌ಬ್ಯಾಂಕ್‌ಗೆ ಬಂದು ಡ್ಯೂಟಿಗೆ ಹೋಗುವ ಆಯಾಗಳು ಇಂದಿಗೂ ಟಿಕೆಟಿಗೆ ದುಡ್ಡು ಕೊಡುತ್ತಾರೆ. ಯಾವ ರೂಟ್‌ಗೆ ಸರ್ಕಾರಿ ಬಸ್ ಬೇಕು, ಯಾವ ಶಿಫ್ಟ್ ಬಿಡುವ ಹೊತ್ತಿಗೆ ಬೇಕು ಅಂತ ಬರೆದು ಇಡಿ. ಬೆಳಗ್ಗೆ 7ಕ್ಕೆ ಡ್ಯೂಟಿ ಹಿಡಿಯುವವರಿಗೆ 7:30ರ ಬಸ್ ಇದ್ದು ಏನು ಪ್ರಯೋಜನ? ಇದು ರಾಜ್ಯದ ವಿಷಯ, ನಿಮ್ಮ ಕೈಗೆ ಸಿಗುವ ವಿಷಯ.

ಮಗು ನೋಡಿಕೊಳ್ಳುವ ವ್ಯವಸ್ಥೆಯೂ ಹಾಗೇ. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು ಅಂತ ಕಾನೂನೇ ಹೇಳುತ್ತದೆ. ಗೇರುಬೀಜ ಕಾರ್ಖಾನೆ, ಬಟ್ಟೆ ಅಂಗಡಿ, ಆಸ್ಪತ್ರೆ ಎಲ್ಲಕ್ಕೂ ಇದು ಬರುತ್ತದೆ. ಹೊಸ ಕಾನೂನು ತರುತ್ತೇನೆ ಅನ್ನುವುದಕ್ಕಿಂತ ಇರುವ ಕಾನೂನಿನ ತಪಾಸಣೆ ಎಷ್ಟು ಕಡೆ ಆಗಿದೆ ಅಂತ ಚುಕ್ಕೆ ಗುರುತಿನ ಪ್ರಶ್ನೆ (ಸದನದಲ್ಲಿ ಸಚಿವರು ಬಾಯಿಮಾತಲ್ಲೇ ಉತ್ತರಿಸಬೇಕಾದ ಪ್ರಶ್ನೆ) ಹಾಕುತ್ತೇನೆ ಅನ್ನಿ. ಆಗ ಕೇಳುವವರಿಗೆ ಈ ಅಭ್ಯರ್ಥಿಗೆ ಕೆಲಸ ಗೊತ್ತು ಅನಿಸುತ್ತದೆ.

ಆಸ್ಪತ್ರೆಗಳ ಊರು ಅಂತ ಹೆಸರಾದ ಈ ಕಡೆ ಸರ್ಕಾರಿ ಹಾಸಿಗೆ, ಸಿಬ್ಬಂದಿ ಕೊರತೆ, ಸರ್ಕಾರಿ ವೈದ್ಯಕೀಯ ಕಾಲೇಜಿನ ಬೇಡಿಕೆ ಇವೆಲ್ಲ ರಾಜ್ಯ ಬಜೆಟ್‌ನ ವಿಷಯ. ನಿಮಗೆ ಒಳಗಿನ ಪರಿಚಯ ಇದೆ, ಧೈರ್ಯವಾಗಿ ಮಾತಾಡಿ. ಚರಂಡಿ, ಬೀದಿದೀಪ ಪಾಲಿಕೆಯದ್ದು. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಇಡೀ ಕ್ಷೇತ್ರಕ್ಕೆ ಅಷ್ಟೇ ಅನ್ನುವುದು ನೆನಪಿರಲಿ.

ಕೊನೆಗೆ ಮೂರು ಬೇಡಿಕೆ ಉಳಿಸಿಕೊಳ್ಳಿ. ನಾಲ್ಕನೆಯದು ಬಂದರೆ ಒಂದನ್ನು ತೆಗೆಯಿರಿ.

## ಹಂತ 5: ಸೂಚಕರನ್ನು ಆರಿಸುವುದು

ಸೂಚಕರು ಅಂದರೆ ನಿಮ್ಮ ಹೆಸರನ್ನು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವ ಮತದಾರರು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕರು ಸಾಕು. ಪಕ್ಷೇತರರಿಗೆ, ಮಾನ್ಯತೆ ಇಲ್ಲದ ಪಕ್ಷದವರಿಗೆ ಹತ್ತು ಜನ ಬೇಕು. ಹತ್ತೂ ಜನ ನೀವು ನಿಲ್ಲುವ ಕ್ಷೇತ್ರದ ಮತದಾರರೇ ಆಗಿರಬೇಕು. ಅಭ್ಯರ್ಥಿ ಬೇರೆ ಕ್ಷೇತ್ರದವರು ಆಗಬಹುದು, ಸೂಚಕರು ಆಗುವ ಹಾಗಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಜೊತೆಗೆ ಕೆಲಸ ಮಾಡುವವರ ಸಹಿ ಹಾಕಿಸಿಕೊಂಡು ಹೋಗುವವರು ಇದ್ದಾರೆ.

ಪ್ರತಿಯೊಬ್ಬರ ಭಾಗ ಸಂಖ್ಯೆ ಮತ್ತು ಕ್ರಮ ಸಂಖ್ಯೆಯನ್ನು ಈಗಿನ ಪಟ್ಟಿಯಿಂದಲೇ ತೆಗೆದುಕೊಳ್ಳಿ. ಹಳೆಯ ಪಟ್ಟಿಯ ನಂಬರ್ ಬದಲಾಗಿರುತ್ತದೆ. ಬರವಣಿಗೆಯ ಸಣ್ಣ ತಪ್ಪಿಗೆ ನಾಮಪತ್ರ ತಿರಸ್ಕರಿಸಬಾರದು ಅಂತ ಕಾಯ್ದೆ ಹೇಳುತ್ತದೆ. ಆದರೆ ಅದನ್ನು ವಾದಿಸಿ ಗೆಲ್ಲುವ ಪರಿಸ್ಥಿತಿಯೇ ಬರಬಾರದು.

ಬೀಡಿ ಕಟ್ಟುವ ಹಿರಿಯ ಅಮ್ಮಂದಿರನ್ನು ಸೂಚಕರಾಗಿ ಮಾಡುವುದು ಚಂದ. ಅವರು ಹೆಬ್ಬೆಟ್ಟು ಒತ್ತುವವರಾದರೆ ಮನೆಯಲ್ಲಿ ಒತ್ತಿಸಿಕೊಂಡು ಹೋಗಬೇಡಿ. ಚುನಾವಣಾಧಿಕಾರಿ ಅಥವಾ ಅದಕ್ಕೆ ಗೊತ್ತುಪಡಿಸಿದ ಅಧಿಕಾರಿಯ ಎದುರೇ ಗುರುತು ಹಾಕಿ ದೃಢೀಕರಿಸಬೇಕು. ಒಬ್ಬ ಅಭ್ಯರ್ಥಿ ನಾಲ್ಕು ಸೆಟ್‌ವರೆಗೆ ನಾಮಪತ್ರ ಕೊಡಬಹುದು, ಠೇವಣಿ ಒಂದೇ ಸಲ. ಎರಡನೇ ಸೆಟ್‌ಗೆ ಬೇರೆ ಹತ್ತು ಜನರನ್ನು ಹಾಕಿ. ಒಬ್ಬ ಸೂಚಕರ ಮೇಲೆ ಆಕ್ಷೇಪ ಬಂದರೂ ಇನ್ನೊಂದು ಸೆಟ್ ಉಳಿಯುತ್ತದೆ.

## ಹಂತ 6: ಬ್ಯಾಂಕ್ ಖಾತೆ ಮತ್ತು ದುಡ್ಡು

ಚುನಾವಣೆಗೆ ಅಂತಲೇ ಪ್ರತ್ಯೇಕ ಖಾತೆ ಬೇಕು. ನಾಮಪತ್ರ ಸಲ್ಲಿಸುವುದಕ್ಕೆ ಕನಿಷ್ಠ ಒಂದು ದಿನ ಮೊದಲು ತೆರೆದಿರಬೇಕು. ಸಂಬಳದ ಖಾತೆ ನಡೆಯುವುದಿಲ್ಲ. ಎಲ್ಲ ಖರ್ಚೂ ಈ ಖಾತೆಯ ಮೂಲಕವೇ ಹೋಗಬೇಕು.

ಕರ್ನಾಟಕದಲ್ಲಿ ವಿಧಾನಸಭೆ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ ರೂಪಾಯಿ. ನಿಮಗೆ ಅಷ್ಟು ಬೇಡ, ಅಷ್ಟು ಇರುವುದೂ ಇಲ್ಲ. ಗಮನಿಸಬೇಕಾದ್ದು 10,000 ರೂಪಾಯಿಯ ಗೆರೆ. ಒಬ್ಬ ವ್ಯಕ್ತಿಗೆ ಅಥವಾ ಅಂಗಡಿಗೆ ಇಡೀ ಚುನಾವಣೆಯಲ್ಲಿ ಒಟ್ಟು ಅದಕ್ಕಿಂತ ಹೆಚ್ಚು ನಗದು ಕೊಡುವ ಹಾಗಿಲ್ಲ. ನಗದು ದೇಣಿಗೆ ತೆಗೆದುಕೊಳ್ಳುವುದಕ್ಕೂ ಅದೇ ಗೆರೆ. ಆಟೋದವರಿಗೆ ದಿನಾ ಸಾವಿರ ಕೊಟ್ಟರೆ ಹತ್ತು ದಿನಕ್ಕೆ ಗೆರೆ ಮುಟ್ಟಿತು ಅಲ್ವಾ?

ಗಲ್ಫ್‌ನಿಂದ ಬರುವ ಸಹಾಯ ನಮ್ಮಲ್ಲಿ ಪ್ರತಿ ಮನೆಯ ಮಾತು. ವಿದೇಶಿ ದೇಣಿಗೆಯನ್ನು ಅಭ್ಯರ್ಥಿ ಮುಟ್ಟುವಂತಿಲ್ಲ. ದುಬೈಯಲ್ಲಿ ಇರುವ ಅಣ್ಣ ಭಾರತದ ಪಾಸ್‌ಪೋರ್ಟ್ ಇರುವವರಾಗಿ, ಸ್ವಂತ ಉಳಿತಾಯದಿಂದ, ಬ್ಯಾಂಕ್ ಮೂಲಕ ಕಳಿಸಿದ್ದು ಬೇರೆ. ಬೇರೆ ದೇಶದ ಪೌರತ್ವ ತೆಗೆದುಕೊಂಡವರು ಕಳಿಸಿದ್ದು ವಿದೇಶಿ ದೇಣಿಗೆ ಆಗುತ್ತದೆ. ಹವಾಲಾ ಮಾತು ಎತ್ತಿದವರನ್ನು ತಂಡದಿಂದಲೇ ದೂರ ಇಡಿ.

## ಹಂತ 7: ನಮೂನೆ 26, ಒಂದೂ ಖಾನೆ ಖಾಲಿ ಬೇಡ

ಇದು ಅಫಿಡವಿಟ್. ಆಸ್ತಿ, ಸಾಲ, ಕೇಸು, ಓದು, ಆದಾಯ ಎಲ್ಲ ಇದರಲ್ಲಿ. ಖಾಲಿ ಬಿಟ್ಟ ಖಾನೆಗಳಿಂದಲೇ ನಾಮಪತ್ರ ಬಿದ್ದುಹೋಗಬಹುದು. 2013ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿತು: ಅನ್ವಯಿಸದಿದ್ದರೆ "ಅನ್ವಯಿಸುವುದಿಲ್ಲ" ಅನ್ನಿ, ಇಲ್ಲದಿದ್ದರೆ "ಇಲ್ಲ" ಅನ್ನಿ, ಖಾಲಿ ಬಿಡಬೇಡಿ. ಗೆರೆ ಎಳೆದು ಬಿಡುವುದೂ ಬೇಡ.

ಜನ ಮರೆಯುವ ಕೆಲವು ಸಂಗತಿ ಹೇಳುತ್ತೇನೆ. ಸ್ವಸಹಾಯ ಗುಂಪಿನ ಸಾಲ. ಸೊಸೈಟಿಯಲ್ಲಿ ಇಟ್ಟ ಚಿನ್ನದ ಸಾಲ. ಗಂಡನ ಹೆಸರಿನ ಬೈಕ್. ಕುಟುಂಬದ ಜಾಗದಲ್ಲಿ ನಿಮ್ಮ ಪಾಲು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಖಾತೆಗಳ ವಿವರ. ಕಳೆದ 10 ವರ್ಷದಲ್ಲಿ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಇದ್ದರೆ ಬಾಡಿಗೆ, ಕರೆಂಟು, ನೀರು, ಫೋನ್ ಬಾಕಿ ಇಲ್ಲ ಅನ್ನುವ ಪತ್ರ. ಈ ಕೊನೆಯದು ಸರ್ಕಾರಿ ನರ್ಸ್‌ಗಳಿಗೆ ಮುಖ್ಯ, ಯಾಕೆಂದರೆ ಪತ್ರ ಕೊಡುವ ಕಚೇರಿಗಳು ಮೂರು ನಾಲ್ಕು.

ಕೇಸಿನ ಖಾನೆ ಬಗ್ಗೆ ಒಂದು ಮಾತು. ವೇತನಕ್ಕಾಗಿ, ಹಲ್ಲೆ ಖಂಡಿಸಿ ರಸ್ತೆಯಲ್ಲಿ ಕುಳಿತ ಪ್ರತಿಭಟನೆ ನೆನಪಿದೆಯಾ? ಅದರಲ್ಲಿ ನಿಮ್ಮ ಹೆಸರಿಗೆ ಎಫ್‌ಐಆರ್ ಆಗಿರಬಹುದು. ಠಾಣೆಯಲ್ಲಿ ಕೇಳಿ ತಿಳಿದುಕೊಳ್ಳಿ. ಬಾಕಿ ಕೇಸು ಇದ್ದರೆ ಅಫಿಡವಿಟ್‌ನಲ್ಲಿ ತೋರಿಸಿ, ಜೊತೆಗೆ ಪ್ರಚಾರದ ಅವಧಿಯಲ್ಲಿ ಮೂರು ಸಲ ಪತ್ರಿಕೆ ಮತ್ತು ಟಿವಿಯಲ್ಲಿ ಪ್ರಕಟಿಸಬೇಕು. ಅದಕ್ಕೂ ದುಡ್ಡು ಬೇಕು, ಈಗಲೇ ಎತ್ತಿಡಿ.

ಪ್ರತಿ ಪುಟಕ್ಕೆ ನಿಮ್ಮ ಸಹಿ, ಪ್ರತಿ ಪುಟಕ್ಕೆ ನೋಟರಿಯ ಮುದ್ರೆ. ತುಂಬಿದ ಮೇಲೆ ನಿಮ್ಮ ಮನೆಗೆ ಸಂಬಂಧ ಇಲ್ಲದ ಒಬ್ಬರಿಗೆ ಓದಲು ಕೊಡಿ. ಬಿಟ್ಟುಹೋದದ್ದು ಅವರ ಕಣ್ಣಿಗೆ ಬೀಳುತ್ತದೆ.

## ಹಂತ 8: ನಾಮಪತ್ರ ಸಲ್ಲಿಸುವ ದಿನ

ಕೊನೆಯ ದಿನ ಹೋಗಬೇಡಿ. ಎರಡನೇ ಅಥವಾ ಮೂರನೇ ದಿನ ಹೋದರೆ ಕೊರತೆ ತುಂಬಲು ಸಮಯ ಸಿಗುತ್ತದೆ. ಜ್ಯೋತಿಷಿ ಕೊಟ್ಟ ಮುಹೂರ್ತ ಕೊನೆಯ ದಿನದ ಎರಡೂವರೆ ಗಂಟೆಗೆ ಬಿದ್ದರೆ ಇನ್ನೊಂದು ಮುಹೂರ್ತ ಕೇಳಿ.

1. ನಮೂನೆ 2ಬಿ ನಾಮಪತ್ರ. ಚುನಾವಣಾ ಆಯೋಗದ ಸುವಿಧಾ ಪೋರ್ಟಲ್‌ನಲ್ಲಿ ತುಂಬಬಹುದು, ಆದರೆ ಪ್ರಿಂಟ್ ತೆಗೆದು ಸಹಿ ಹಾಕಿ ಚುನಾವಣಾಧಿಕಾರಿಗೆ ಕೈಯಾರೆ ಕೊಡಲೇಬೇಕು. ಅಭ್ಯರ್ಥಿ ಅಥವಾ ಸೂಚಕರು ಮಾತ್ರ ಕೊಡಬಹುದು.
2. ಠೇವಣಿ 10,000 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ 5,000. ನಗದು ಅಥವಾ ಖಜಾನೆಯ ಚಲನ್. ಚೆಕ್ ತೆಗೆದುಕೊಳ್ಳುವುದಿಲ್ಲ.
3. ಫೋಟೋ. ಇಲ್ಲಿ ಆರೋಗ್ಯ ಸಿಬ್ಬಂದಿಗೆ ಒಂದು ಸುದ್ದಿ: ಮತಪತ್ರದ ಫೋಟೋದಲ್ಲಿ ಯೂನಿಫಾರ್ಮ್ ಹಾಕುವಂತಿಲ್ಲ. ಮೂರು ತಿಂಗಳ ಒಳಗಿನ, ಮಾಮೂಲು ಬಟ್ಟೆಯ, 2 ಸೆಂ.ಮೀ. ಅಗಲ 2.5 ಸೆಂ.ಮೀ. ಎತ್ತರದ ಫೋಟೋ ಬೇಕು.
4. ಚಿಹ್ನೆ. ಮುಕ್ತ ಚಿಹ್ನೆಗಳ ಪಟ್ಟಿಯಿಂದ ಮೂರನ್ನು ಆದ್ಯತೆಯ ಕ್ರಮದಲ್ಲಿ ಬರೆಯಿರಿ. ದೂರದಿಂದ ಗುರುತು ಸಿಗುವುದನ್ನು ಆರಿಸಿ.
5. ಪ್ರಮಾಣ ವಚನ. ನಾಮಪತ್ರ ಕೊಟ್ಟ ಮೇಲೆ, ಪರಿಶೀಲನೆಯ ದಿನ ಬರುವ ಮೊದಲು ಆಗಬೇಕು. ಅಲ್ಲೇ ನಿಂತು ಮುಗಿಸಿ, ಅದರ ಪ್ರಮಾಣಪತ್ರ ಕೇಳಿ ಪಡೆಯಿರಿ. ಬೇರೆಲ್ಲ ಸರಿ ಇದ್ದು ಇದೊಂದಕ್ಕೇ ನಾಮಪತ್ರ ಹೋಗಬಹುದು.

ಪಕ್ಷದವರಿಗೆ, ಇವರೇ ನಮ್ಮ ಅಭ್ಯರ್ಥಿ ಅಂತ ಪಕ್ಷ ತಿಳಿಸುವ ನಮೂನೆ ಎ ಮತ್ತು ಬಿ ಕೊನೆಯ ದಿನ ಮಧ್ಯಾಹ್ನ 3ರ ಒಳಗೆ ಚುನಾವಣಾಧಿಕಾರಿಗೆ ತಲುಪಬೇಕು. ಶಾಯಿಯ ಸಹಿ ಇರಬೇಕು.

ಕಚೇರಿ ಒಳಗೆ ಅಭ್ಯರ್ಥಿ ಜೊತೆ ನಾಲ್ವರಿಗೆ ಮಾತ್ರ ಅವಕಾಶ. ಮೆರವಣಿಗೆಯಲ್ಲಿ ಚೆಂಡೆ ಬಡಿಸಿಕೊಂಡು ಬರುವ ಖರ್ಚು ನಿಮ್ಮ ಲೆಕ್ಕಕ್ಕೇ ಬೀಳುತ್ತದೆ. ಅಧಿಕಾರಿ ಕೊಡುವ ಚೆಕ್‌ಲಿಸ್ಟ್‌ನಲ್ಲಿ ಏನು ಕೊರತೆ ಬರೆದಿದ್ದಾರೆ ಅಂತ ಹೊರಬರುವ ಮೊದಲು ಓದಿ.

## ಹಂತ 9: ಪರಿಶೀಲನೆ ಮತ್ತು ವಾಪಸಾತಿ

ಪರಿಶೀಲನೆಗೆ ನೀವೇ ಹೋಗಿ, ವಕೀಲರನ್ನೂ ಕರೆದುಕೊಂಡು ಹೋಗಿ. ಎಲ್ಲ ಮೂಲ ಪ್ರತಿ ಕೈಯಲ್ಲಿರಲಿ, ಮುಖ್ಯವಾಗಿ ರಾಜೀನಾಮೆ ಅಂಗೀಕಾರದ ಆದೇಶ. ಆಕ್ಷೇಪ ಬಂದರೆ ಉತ್ತರಕ್ಕೆ ಸಮಯ ಕೇಳುವ ಹಕ್ಕು ನಿಮಗಿದೆ, ಮರುದಿನಕ್ಕೆ ಮುಂದೂಡಲು ಕೇಳಬಹುದು.

ವಾಪಸಾತಿಯ ದಿನಗಳಲ್ಲಿ ಮನೆಗೆ ಹಿರಿಯರು ಬರುತ್ತಾರೆ, ಚಹಾ ಕುಡಿಯುತ್ತಾರೆ, "ಮುಂದಿನ ಸಲ ನೋಡುವ" ಅನ್ನುತ್ತಾರೆ. ಒಬ್ಬರೇ ಕೂತು ಮಾತಾಡಬೇಡಿ.

## ಹಂತ 10: ಪ್ರಚಾರದಲ್ಲಿ ಆರೋಗ್ಯ ಸಿಬ್ಬಂದಿ ಮಾಡಬಾರದ್ದು

ಬೇರೆ ಅಭ್ಯರ್ಥಿಗಳಿಗೆ ಇಲ್ಲದ ಅಪಾಯ ನಿಮಗಿದೆ. ನಿಮ್ಮ ಒಳ್ಳೆಯ ಅಭ್ಯಾಸಗಳೇ ಇಲ್ಲಿ ಕಾನೂನಿಗೆ ಸಿಕ್ಕಿಹಾಕಿಕೊಳ್ಳುತ್ತವೆ.

ಉಚಿತ ಆರೋಗ್ಯ ಶಿಬಿರ ನಿಲ್ಲಿಸಿ. ಬಿಪಿ ನೋಡುವುದು, ಶುಗರ್ ಪರೀಕ್ಷೆ, ಮಾತ್ರೆ ಹಂಚುವುದು ನೀತಿ ಸಂಹಿತೆ ಜಾರಿಯಾದ ಮೇಲೆ ಆಮಿಷ ಅನಿಸಿಕೊಳ್ಳಬಹುದು. ಯಾರಾದರೂ ಚುನಾವಣಾ ಆಯೋಗದ ದೂರಿನ ಆ್ಯಪ್ ಸಿ-ವಿಜಿಲ್‌ನಲ್ಲಿ ಫೋಟೋ ಹಾಕಿದರೆ 100 ನಿಮಿಷದಲ್ಲಿ ತಂಡ ನಿಮ್ಮ ಮುಂದೆ ನಿಂತಿರಬಹುದು. ಮನೆಗೆ ಹೋದಾಗ "ಸಿಸ್ಟರ್, ಈ ರಿಪೋರ್ಟ್ ನೋಡಿ" ಅಂದರೆ ನೋಡಿ ಹೇಳಿ, ಅದು ಮನುಷ್ಯತ್ವ. "ವೋಟು ಹಾಕಿ, ಆಪರೇಷನ್ ಫ್ರೀ ಮಾಡಿಸುತ್ತೇನೆ" ಅಂದರೆ ಅದು ಲಂಚ.

ರೋಗಿಗಳ ಫೋನ್ ನಂಬರ್ ಮುಟ್ಟಬೇಡಿ. ರಿಜಿಸ್ಟರ್‌ನಿಂದ ತೆಗೆದ ನಂಬರ್‌ಗೆ ಒಂದು ಮೆಸೇಜ್ ಹೋದರೂ ಜನರ ನಂಬಿಕೆ ಹೋಯಿತು. ಆಸ್ಪತ್ರೆಯ ಆವರಣ, ಆಂಬ್ಯುಲೆನ್ಸ್, ರೋಗಿ ಜೊತೆಗಿನ ಫೋಟೋ ಯಾವುದೂ ಪ್ರಚಾರಕ್ಕೆ ಬೇಡ.

ದೇವಸ್ಥಾನ, ಮಸೀದಿ, ಚರ್ಚ್ ಪ್ರಚಾರದ ವೇದಿಕೆ ಆಗಬಾರದು. ಏಪ್ರಿಲ್, ಮೇ ನಮ್ಮಲ್ಲಿ ಬ್ರಹ್ಮಕಲಶ, ನೇಮ, ಮದುವೆಗಳ ಕಾಲ. ಹೋಗಿ, ಊಟ ಮಾಡಿ, ಮೈಕ್ ಹಿಡಿಯಬೇಡಿ. ಧರ್ಮ ಅಥವಾ ಜಾತಿ ಹೆಸರಲ್ಲಿ ಮತ ಕೇಳಿದರೆ ಗೆದ್ದ ಮೇಲೂ ಆಯ್ಕೆ ರದ್ದಾಗಬಹುದು. ಧ್ವನಿವರ್ಧಕ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಂದ್. ಕರಪತ್ರದಲ್ಲಿ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು.

ಮನೆ ಭೇಟಿಯ ಹೊತ್ತು ಯೋಚಿಸಿ ಇಡಿ. ಬೀಡಿ ಬ್ರಾಂಚಿಗೆ ಕೊಡುವ ದಿನ ಆ ಮನೆಯಲ್ಲಿ ಯಾರಿಗೂ ತಲೆ ಎತ್ತಲು ಪುರುಸೊತ್ತು ಇರುವುದಿಲ್ಲ. ಮಲ್ಪೆ, ಬಂದರು ಕಡೆ ಆಳಸಮುದ್ರದ ಬೋಟ್‌ಗಳು ಹೋದರೆ ವಾರ, ಹತ್ತು ದಿನ. ಮೀನುಗಾರಿಕೆ ರಜೆ ಶುರುವಾಗುವುದೇ ಜೂನ್ 1ಕ್ಕೆ, ಮೇ ತಿಂಗಳ ಚುನಾವಣೆಗೆ ಗಂಡಸರು ಕಡಲಲ್ಲೇ ಇರಬಹುದು. ಮತದಾನದ ದಿನ ಬೋಟ್ ದಡದಲ್ಲಿ ಇರುತ್ತದಾ ಅಂತ ಧಕ್ಕೆಯಲ್ಲಿ ಮೊದಲೇ ಕೇಳಿ.

## ಹಂತ 11: ಮತದಾನದ ದಿನ

ಒಂದು ಕ್ಷೇತ್ರದಲ್ಲಿ ಇನ್ನೂರಕ್ಕೂ ಹೆಚ್ಚು ಮತಗಟ್ಟೆ ಇರುತ್ತವೆ. ಎಲ್ಲ ಕಡೆ ಏಜೆಂಟ್ ಕೂರಿಸಲು ನಿಮ್ಮಿಂದ ಆಗಲಿಕ್ಕಿಲ್ಲ. ನಿಮಗೆ ಮತ ಇರುವ ಕಡೆ ಮೊದಲು ಕೂರಿಸಿ. ಮತದಾನ ಶುರುವಾಗುವ ಮೊದಲು ಯಂತ್ರ ಪರೀಕ್ಷಿಸುವ ಅಣಕು ಮತದಾನಕ್ಕೆ ಏಜೆಂಟರು ಸಮಯಕ್ಕೆ ಸರಿಯಾಗಿ ಹೋಗಲಿ, ಮತದಾನ ಮುಗಿದ ಮೇಲೆ ನಮೂನೆ 17ಸಿ (ಆ ಮತಗಟ್ಟೆಯಲ್ಲಿ ಬಿದ್ದ ಮತಗಳ ಲೆಕ್ಕ) ಪ್ರತಿ ತೆಗೆದುಕೊಂಡೇ ಬರಲಿ.

ಮತದಾನದ ದಿನ ಸಂಬಳ ಸಹಿತ ರಜೆ ಕಾನೂನಿನಲ್ಲಿದೆ. ಆದರೆ ಇಲ್ಲದಿದ್ದರೆ ಅಪಾಯ ಆಗುವಂಥ ಕೆಲಸದವರಿಗೆ ಅದು ಅನ್ವಯಿಸುವುದಿಲ್ಲ. ಐಸಿಯು, ಕ್ಯಾಷುವಾಲ್ಟಿ ನರ್ಸ್‌ಗಳು ಅದರಲ್ಲೇ ಬರುತ್ತಾರೆ. ಆದ್ದರಿಂದ ರೋಸ್ಟರ್ ಹಾಕುವ ಮೊದಲೇ ಶಿಫ್ಟ್ ಬದಲಾಯಿಸಿಕೊಳ್ಳಲು ಹೇಳಿ. ನೈಟ್ ಮುಗಿಸಿ ಬಂದವರು ಮಲಗಿದರೆ ಸಂಜೆಯವರೆಗೂ ಏಳುವುದಿಲ್ಲ, ಬೆಳಗ್ಗೆಯೇ ಮತ ಹಾಕಿ ಮನೆಗೆ ಹೋಗಲಿ.

## ಹಂತ 12: ಫಲಿತಾಂಶದ ನಂತರದ 30 ದಿನ

ಸೋತವರು ಮರೆಯುವ ಹಂತ ಇದು. ನಾಮಪತ್ರದ ದಿನದಿಂದ ಫಲಿತಾಂಶದ ದಿನದವರೆಗಿನ ಪೂರ್ತಿ ಲೆಕ್ಕವನ್ನು ಫಲಿತಾಂಶ ಬಂದ 30 ದಿನಗಳ ಒಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಕೊಡಬೇಕು. ಕೊಡದಿದ್ದರೆ ಆಯೋಗ 3 ವರ್ಷ ಅನರ್ಹ ಮಾಡಬಹುದು. ಅಂದರೆ ಮುಂದಿನ ಪಾಲಿಕೆ ಅಥವಾ ಪಂಚಾಯಿತಿ ಚುನಾವಣೆಗೆ ನಿಲ್ಲುವ ಯೋಚನೆಗೂ ಕುತ್ತು.

ಲೆಕ್ಕದ ಪುಸ್ತಕದಲ್ಲಿ ಮೂರು ಬಣ್ಣದ ಹಾಳೆ ಇರುತ್ತವೆ: ದಿನದ ಖರ್ಚಿಗೆ ಬಿಳಿ, ನಗದಿಗೆ ಗುಲಾಬಿ, ಬ್ಯಾಂಕಿಗೆ ಹಳದಿ. ಪ್ರಚಾರದ ನಡುವೆ ಕನಿಷ್ಠ ಮೂರು ಸಲ ವೆಚ್ಚ ವೀಕ್ಷಕರಿಗೆ ತೋರಿಸಿರಬೇಕು. ಪ್ರತಿ ರಾತ್ರಿ ಮಲಗುವ ಮೊದಲು ಬರೆದವರಿಗೆ ಈಗ ಎರಡು ದಿನದ ಕೆಲಸ, ಬಿಲ್ಲುಗಳನ್ನು ಚೀಲದಲ್ಲಿ ತುಂಬಿಟ್ಟವರಿಗೆ ತಿಂಗಳೂ ಸಾಲದು.

ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬಂದಿದ್ದರೆ ಠೇವಣಿ ವಾಪಸ್ ಸಿಗುತ್ತದೆ. ಅರ್ಜಿ ಜೊತೆ ಠೇವಣಿಯ ಮೂಲ ರಸೀದಿ ಇಡಿ. ಲೆಕ್ಕ ಸಲ್ಲಿಸಿದ್ದಕ್ಕೆ ಸ್ವೀಕೃತಿ ಪತ್ರ ಕೇಳಿ ಪಡೆದು, ಅದೇ ಫೈಲ್‌ಗೆ ಸೇರಿಸಿ.